ಸಾಹುಕಾರರ ಕಣ, ಹುಡುಗಿಯರ ಕೋರ್ಟ್

ಸತ್ಕಾರ ಸಮಾರಂಭದ ಬ್ಯಾನರ್ ನೋಡಿದ ಕೂಡಲೇ ನನಗೆ ಮೈ ಉರಿಯಿತು. ರಾಜ್ಯಮಟ್ಟದ ಬಾಸ್ಕೆಟ್‌ಬಾಲ್ ಗೆದ್ದು ಬಂದವರು ಬ್ಯಾಡಗಿಯ ನಮ್ಮ ಹೈಸ್ಕೂಲಿನ ಹುಡುಗಿಯರು. ಬ್ಯಾನರಿನ ತುಂಬ ನಗುತ್ತಿದ್ದವರು ಮಾತ್ರ ಶಾಲಾ ಸಮಿತಿಯ ಅಧ್ಯಕ್ಷರಾದ ಅಂದಾನೆಪ್ಪ ಸಾಹುಕಾರರು. ಹುಡುಗಿಯರ ಫೋಟೋ ಅವರ ಪಾದದ ಹತ್ತಿರ, ಅಂಚೆಚೀಟಿಯಷ್ಟು. ಪಕ್ಕದಲ್ಲಿ ಅಲಂಕಾರಕ್ಕೆಂದು ಒಂದು ಫುಟ್‌ಬಾಲ್! ಆಟ ಕಲಿಸಿದ ಶೈಲಾ ಅಕ್ಕೋರು, ಅಂದರೆ ನಾನು, ಎಲ್ಲೂ ಇರಲಿಲ್ಲ. ಅದಕ್ಕೆ ನನಗೇನೂ ಬೇಜಾರಾಗಲಿಲ್ಲ ಎಂದರೆ ನಂಬಬೇಡಿ.

ಅಸಲು ಸಿಟ್ಟು ಬೇರೆಯದೇ ಇತ್ತು. ಶಾಲೆಯ ಸಿಮೆಂಟಿನ ಕೋರ್ಟನ್ನು ಕಟ್ಟಿಸಿಕೊಟ್ಟವರು ಸಾಹುಕಾರರೇ, ಸುಳ್ಳು ಹೇಳಬಾರದು. ಆದರೆ ಅವರ ಬಾಯಲ್ಲಿ ಅದು ಎಂದೂ ಕೋರ್ಟ್ ಆಗಲಿಲ್ಲ, ಬರೀ 'ಕಣ'. ಸುಗ್ಗಿ ಬಂತೆಂದರೆ ಟ್ರ್ಯಾಕ್ಟರುಗಟ್ಟಲೆ ಮೆಣಸಿನಕಾಯಿ ತಂದು ಅಲ್ಲಿ ಒಣಹಾಕುತ್ತಾರೆ. ಯುಗಾದಿ ದಾಟುವ ತನಕ ನೆಲವೆಲ್ಲ ಕೆಂಪೋ ಕೆಂಪು. ಹುಡುಗಿಯರು ರಾಶಿಗಳ ನಡುವಿನ ಸಂದಿಯಲ್ಲಿ ನಿಂತು ಆಡಬೇಕು. ಚೆಂಡು ನೆಲಕ್ಕೆ ಬಿದ್ದರೆ ಕಾಯಿ ಮುರಿದು ಘಾಟು ಏಳುತ್ತದೆ, ಎಲ್ಲರಿಗೂ ಸೀನು. ಹಿಂದೆಯೇ ಸಾಹುಕಾರರ ಬೈಗುಳ.

ಹೀಗಾಗಿ ಕೈಯಿಂದ ಕೈಗೆ ಪಾಸ್ ಕೊಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಚೆಂಡು ಪುಟಿಸುತ್ತ ಓಡುವುದು ಮಾತ್ರ ಅರೆಬರೆ. ಈ ಸಲ ಪಾಸಿನ ಬಲದ ಮೇಲೇ ಗೆದ್ದರು. ಎದುರಿನವರೇನು ಪೆದ್ದರೇ? ಬರುವ ವರ್ಷ ಅಡ್ಡಗಟ್ಟಿ ನಿಲ್ಲುತ್ತಾರೆ. ಪುಟಿಸಿ ಆಡುವುದನ್ನು ಈ ಬೇಸಿಗೆಯಲ್ಲಿ ಕಲಿಯದಿದ್ದರೆ ಇದೇ ಮೊದಲ ಗೆಲುವು, ಇದೇ ಕೊನೆಯದು. ಅದಕ್ಕೆ ನನಗೆ ಕೋರ್ಟ್ ಬೇಕಿತ್ತು. ಕೇಳಿದೆ ಕೂಡ.

"ನನ್ನ ಮೆಣಸಿನಕಾಯಿ ಇದ್ದದ್ದಕ್ಕ ಗೆದ್ದಾರ್ರೀ ಅಕ್ಕೋರ," ಎಂದರು ಸಾಹುಕಾರರು. "ಈ ವರ್ಷ ಇನ್ನಷ್ಟ ಹಾಕಸ್ತೇನಿ, ತಗೋರಿ."

ಸಮಾರಂಭದ ದಿನ ಕೋರ್ಟಿನ ಅರ್ಧಕ್ಕೆ ಪೆಂಡಾಲು, ಇನ್ನರ್ಧಕ್ಕೆ ಆಗಲೇ ಮೆಣಸಿನಕಾಯಿ. ಸಾಹುಕಾರರ ಕೊರಳಿಗೆ ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ ಬಿತ್ತು. ಗೆದ್ದವರಿಗೆ ತಲಾ ಒಂದು ಸ್ಟೀಲ್ ಡಬ್ಬಿ. ನಾನು ಹಲ್ಲು ಕಚ್ಚಿ ಕೂತೆ.

"ಬುಟ್ಟ್ಯಾಗ ಚೆಂಡ ಹಾಕೂದು ಸಣ್ಣ ಮಾತಲ್ಲ," ಎಂದು ಸಾಹುಕಾರರು ಭಾಷಣ ಶುರುಮಾಡಿದರು. "ಅದೂ ತಳಾ ಇಲ್ಲದ ಬುಟ್ಟಿ! ಏನ ಬೇಕ ಕೇಳ್ರಿ ತಂಗೀ, ನಾಚಬ್ಯಾಡ್ರಿ."

ಬೂಟು, ಬ್ಯಾಗು ಕೇಳುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ತಂಡದ ನಾಯಕಿ ಶಬನಮ್ ಮೈಕಿನ ಮುಂದೆ ಬಂದಳು.

"ಬ್ಯಾರೆ ಏನೂ ಬ್ಯಾಡ್ರಿ ಸಾಹುಕಾರ್ರ. ನಾಳಿಂದನ ಎಲ್ಲಾರೂ ಕೂಡಿ ಕೋರ್ಟಿಗೆ ಹೋಗೂನು ಅಂತ ಮಾತಾಡ್ಕೊಂಡೇವ್ರಿ."

ಸಾಹುಕಾರರ ಮುಖ ಇಳಿಯಿತು. ತಮ್ಮನ ಜೊತೆಗಿನ ಹೊಲದ ವ್ಯಾಜ್ಯಕ್ಕಾಗಿ ರಾಣೆಬೆನ್ನೂರಿನ ಕೋರ್ಟಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ ಮನುಷ್ಯ ಅವರು. ಅವರ ಮಟ್ಟಿಗೆ ಕೋರ್ಟ್ ಎಂದರೆ ಅದೊಂದೇ.

"ಕೋರ್ಟ ಯಾಕವಾ? ಮನ್ಯಾಗ ಕುಂತ ಮುಗಿಸೂಣು!"

"ಮನ್ಯಾಗ ಆಗೂದಿಲ್ರಿ," ಎಂದಳು ಹುಡುಗಿ ಮುಗ್ಧವಾಗಿ. "ನಮ್ಮ ಅಂಗಳ ಸಣ್ಣದೈತ್ರಿ. ಮುಂಜಾನೆ, ಸಂಜೀಕ ಎರಡೂ ಹೊತ್ತು ಕೋರ್ಟಿಗೇ ಹೋಗಬೇಕ್ರಿ. ಅಕ್ಕೋರೂ ಬರ್ತೇನಂದಾರ."

ಸಾಹುಕಾರರು ಬೆವರು ಒರೆಸಿಕೊಳ್ಳುತ್ತ ನನ್ನತ್ತ ನೋಡಿದರು. ಅವರ ತಲೆಯಲ್ಲಿ ಏನು ಓಡುತ್ತಿದೆಯೆಂದು ನನಗೆ ಆಗ ಹೊಳೆಯಿತು. ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಮುಖ ಗಂಟಿಕ್ಕಿಕೊಂಡು, "ಹೌದ್ರಿ, ನಾನೂ ಹೊಂಟೇನಿ," ಎಂದೆ.

ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದರು. "ನಾಳೆ ಮುಂಜಾನಿಗೆ ಕಣಾ ಖಾಲಿ! ಇನ್ನ ಒಂದ ಕಾಯೀನೂ ಇಲ್ಲಿ ಬೀಳೂದಿಲ್ಲ! ಯಾರೂ ಎಲ್ಲೂ ಹೋಗೂದ ಬ್ಯಾಡ!"

ಪೆಂಡಾಲು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಶಬನಮ್ ನನ್ನ ಕಿವಿಯಲ್ಲಿ, "ಎಲ್ಲೂ ಹೋಗಬ್ಯಾಡ ಅಂದ್ರ ಮತ್ತ ಎಲ್ಲಿ ಆಡೂದ್ರಿ ಅಕ್ಕೋರ?" ಎಂದಳು.

"ಸುಮ್ನ ಕುಂದ್ರು," ಎಂದೆ.

ಮರುದಿನ ಕೋರ್ಟ್ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಸಂಜೆ ಹುಡುಗಿಯರನ್ನು ಇಳಿಸಿ, ಚೆಂಡು ಪುಟಿಸಿ ಓಡಿರೆಂದೆ. ಒಬ್ಬಳೂ ಪುಟಿಸಲಿಲ್ಲ. ಅದೇ ಪಾಸು, ಅದೇ ಸಂದಿಯ ನಡಿಗೆ. ಇಲ್ಲದ ರಾಶಿಗಳನ್ನು ಬಳಸಿಕೊಂಡು ಓಡುತ್ತಿದ್ದರು! ನಾನು ಕೂಗಿ ಕೂಗಿ ಗಂಟಲು ಹರಿದುಕೊಂಡೆ.

ಅಷ್ಟರಲ್ಲಿ ಗೇಟಿನ ಹತ್ತಿರ ಮೆಣಸಿನಕಾಯಿ ಹೇರಿದ ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಮುಂದೆ ಸಾಹುಕಾರರು.

"ಅಕ್ಕೋರ, ಕೋರ್ಟ ಅಂದ್ರ ಇದ ಅಂತ! ನನ್ನ ಕೇಸ ನಡಸೂ ರಾಘಣ್ಣ ವಕೀಲ್ರು ಕೇಳಿ ನಕ್ಕ ನಕ್ಕ ಕುರ್ಚಿ ಮ್ಯಾಲಿಂದ ಬೀಳೂದೊಂದ ಬಾಕಿ. ನಿಮಗ ನಿನ್ನಿ ಗೊತ್ತಿತ್ತೋ ಇಲ್ಲೋ, ಖರೇ ಹೇಳ್ರಿ."

"ಗೊತ್ತಿತ್ರಿ," ಎಂದೆ. ಎಲ್ಲ ಮುಗಿಯಿತು ಅನಿಸಿತು.

ಟ್ರ್ಯಾಕ್ಟರಿಗೆ ಸನ್ನೆ ಮಾಡಲು ಎತ್ತಿದ ಅವರ ಕೈ ಹಾಗೇ ನಿಂತಿತು. ಅವರು ಹುಡುಗಿಯರನ್ನೇ ನೋಡುತ್ತಿದ್ದರು.

"ಕಣಾ ಖಾಲಿ ಐತಲ್ಲ? ಚೆಂಡ ಯಾಕ ನೆಲಕ್ಕ ಬೀಳಸವಲ್ರಿ?"

ಶಬನಮ್ ಚೆಂಡನ್ನು ಎದೆಗೆ ಅವಚಿಕೊಂಡಳು. "ರೂಢಿ ಆಗಿಬಿಟ್ಟೈತ್ರಿ ಸಾಹುಕಾರ್ರ. ಬಿದ್ರ ನೀವ ಬೈತೀರಿ ಅಂತ ಕೈ ತಾನ ಬಿಗಿ ಹಿಡಿತೈತ್ರಿ."

ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಸಾಹುಕಾರರು ಚಪ್ಪಲಿ ಬಿಟ್ಟು ಒಳಗೆ ಬಂದರು, ಚೆಂಡು ಇಸಿದುಕೊಂಡು ಎರಡೂ ಕೈಯಿಂದ ಮೇಲೆತ್ತಿ ನೆಲಕ್ಕೆ ಅಪ್ಪಳಿಸಿದರು. ಅದು ಪುಟಿದು ಬಂದು ಅವರ ಟೊಪ್ಪಿಗೆಯನ್ನು ಹಾರಿಸಿತು. ಹುಡುಗಿಯರು ಬೈಗುಳಕ್ಕೆ ಕಾದು ನಿಂತರು.

"ಹಿಂಗ ಬೀಳಲಿ," ಎಂದರು ಟೊಪ್ಪಿಗೆ ಹೆಕ್ಕಿಕೊಳ್ಳುತ್ತ. "ನಾ ಬೈಯೂದಿಲ್ಲ."

ಹೊರಗಿನಿಂದ ಟ್ರ್ಯಾಕ್ಟರಿನ ಶಾಬುದ್ದೀನ ಕೂಗಿದ, "ಸಾಹುಕಾರ್ರ, ಕಣಕ್ಕ ಇಳಸಲೇನ್ರಿ?"

"ಎಲ್ಲೀ ಕಣೋ? ಕಣ್ಣ ಕಾಣೂದಿಲ್ಲೇನ?" ಎಂದು ಗದರಿದರು ಸಾಹುಕಾರರು. "ಇದು ಕೋರ್ಟ್ ಐತಿ. ಗಾಡಿ ತಿರಗಸು."