ನಾಲ್ಕನೆಯ ಮೂಲೆ

ಮೆಹಬೂಬಿ ಕೌದಿಯನ್ನು ಹೊದ್ದುಕೊಳ್ಳಲಿಲ್ಲ. ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಹಿಡಿದು ನೋಡಿ, ಮಡಚಿ, ತಂದವಳ ಕೈಗೇ ವಾಪಸು ಕೊಟ್ಟಳು.

"ಒಯ್ಯವಾ ಇದನ್ನ. ಬತ್ತಲೆ ಐತಿ."

ಇಜಾಬೆಲ್ ತಲೆ ತಗ್ಗಿಸಿದಳು. ತಪ್ಪು ಅವಳಿಗೆ ಗೊತ್ತಿದ್ದದ್ದೇ. ಸಿದ್ದಿ ಹೆಂಗಸರು ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿದರೆ, ಕೊನೆಗೆ ಬಟ್ಟೆಯ ಚೂರುಗಳನ್ನು ಮುಕ್ಕೋನವಾಗಿ ಮಡಚಿ ಮೂಲೆಗೊಂದು ಹೂ ಹಚ್ಚುತ್ತಾರೆ. ಹೂವಿಲ್ಲದ ಕೌದಿ ಮುಗಿದ ಕೌದಿಯಲ್ಲ. ಆದರೆ ಹಳ್ಳ ಉಕ್ಕಿ ಚಿಗಳ್ಳಿಯಾಚೆಯ ಈ ಕೇರಿಯ ಮಣ್ಣುಗೋಡೆಗಳೆಲ್ಲ ಕುಸಿದವೆಂದು ಸುದ್ದಿ ಬಂದಾಗ, ಹಳಿಯಾಳದ ಇಗರ್ಜಿಯ ಮಹಿಳಾ ಸಂಘವನ್ನು ನಡೆಸುವ ಮಾರ್ಗರೀಟಾ ಟೀಚರ್, "ಹತ್ತು ದಿನದಾಗ ಹನ್ನೆರಡು ಕೌದಿ ಆಗಬೇಕ್ರಿ. ಹೂವು ಗೀವು ಬಿಡ್ರಿ, ಚಳಿಗೆ ಹೂವು ಬೇಕೇನು?" ಎಂದಿದ್ದರು. ಇಜಾಬೆಲ್ ಸೂಜಿಗೆ ದಾರ ಪೋಣಿಸಿದ್ದಳು. ಸಂಘದಲ್ಲಿ ಅವಳೊಬ್ಬಳೇ ಸಿದ್ದಿ. ಹೊಲಿಯುವ, ಹೊರುವ ಕೆಲಸ ಅವಳ ಪಾಲಿಗೆ ಬರುತ್ತಿತ್ತು. ಮಾತಾಡುವ ಸರದಿ ಬರುತ್ತಿರಲಿಲ್ಲ.

ಬೆಳಗ್ಗೆ ಸಂಘದ ಲಾರಿ ಬಂದಾಗಿನಿಂದ ಕೇರಿಯ ಉಳಿದವರೆಲ್ಲ ಸಿಕ್ಕಿದ್ದನ್ನು ಸುತ್ತಿಕೊಂಡಿದ್ದರು. ಮೂಲೆ ನೋಡಿದವಳು ಮೆಹಬೂಬಿ ಒಬ್ಬಳೇ. ಇವಳೂ ಸಿದ್ದಿಯೇ, ಮನೆಯಲ್ಲಿ ಉರ್ದು ಆಡುವವಳು. ಇಜಾಬೆಲ್‌ಳ ಮನೆಮಾತು ಕೊಂಕಣಿ. ಇಬ್ಬರ ನಡುವೆ ಕನ್ನಡ.

"ಹಚ್ಚಿ ಕೊಡ್ತೇನಿ ಅಕ್ಕಾ. ಸೂಜಿ ನನ್ನ ಕಡೆ ಐತಿ."

"ಹಂಗಾರ ಕೂಡ್ರು."

ಮನೆ ಇದ್ದ ಜಾಗದಲ್ಲಿ ಬಾಗಿಲ ಚೌಕಟ್ಟೊಂದು ಅಡ್ಡ ಬಿದ್ದಿತ್ತು. ಇಬ್ಬರೂ ಅದರ ಮೇಲೆ ಕೂತು ಕೌದಿಯನ್ನು ತೊಡೆಗಳ ಮೇಲೆ ಹರಡಿಕೊಂಡರು. ಇಜಾಬೆಲ್ ಸೆರಗಿನ ಗಂಟಿನಿಂದ ಕೆಂಪು ದಾರದ ಉಂಡೆ ತೆಗೆದಳು. ಮೆಹಬೂಬಿ ಬಟ್ಟೆಯ ಚೂರುಗಳನ್ನು ಮಡಚಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೊಟ್ಟಳು.

"ಮನ್ಯಾಗ ಯಾರ್ಯಾರು ಅದೀರಿ ತಂಗಿ?"

"ನಾನು, ಒಂದು ಕೋಳಿ."

"ತತ್ತಿ ಇಡತೈತಿ?"

"ಮುದುಕಿ ಆಗೇತಿ. ಮಾತಾಡಾಕ ಇಟ್ಕೊಂಡೇನಿ."

ಮೆಹಬೂಬಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಗಂಡಸರಕಿಂತ ಬೇಷ್ ಬಿಡು. ತಿರುಗಿ ಬೈಯೂದಿಲ್ಲ."

ಇಜಾಬೆಲ್ ಕೂಡ ನಕ್ಕಳು. ತನ್ನ ನಗುವಿನ ಸದ್ದು ಅವಳಿಗೇ ಹೊಸದೆನಿಸಿತು. ಮರದ ನಾಟಾ ಡಿಪೋದಲ್ಲಿ ದುಡಿಯುತ್ತಿದ್ದ ಗಂಡ ತೀರಿಕೊಂಡು ಏಳು ವರ್ಷ. ಅಲ್ಲಿಂದೀಚೆಗೆ ಇಷ್ಟು ಹೊತ್ತು ಯಾರೂ ಅವಳ ಮಗ್ಗುಲಲ್ಲಿ ಕೂತಿರಲಿಲ್ಲ. ಮೊದಲ ಹೂವು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗಿತ್ತು. ಎರಡನೆಯದಕ್ಕೆ ಹೊಲಿಗೆ ಸಣ್ಣದು ಮಾಡಿದಳು. ಮೂರನೆಯದಕ್ಕೆ ಇನ್ನೂ ಸಣ್ಣದು ಮಾಡಿದಳು.

"ಎಷ್ಟ ಸಾವಕಾಶ ಹೊಲೀತೀ ಮಾರಾಯ್ತಿ," ಎಂದಳು ಮೆಹಬೂಬಿ. "ಮೊಮ್ಮಕ್ಕಳ ಕಾಲಕ್ಕ ಮುಗಸ್ತೀಯೇನು?"

ಅತ್ತ ಲಾರಿಯ ಹಾರ್ನು ಕೇಳಿಸಿತು. ಡ್ರೈವರ್ ಶೇಖಪ್ಪ ಇನ್ನೂ ಚಹಾ ಕುಡಿಯುತ್ತಲೇ ಒಂದು ಕೈಯಿಂದ ಒತ್ತಿದ್ದ. ಒಂದು ಹೂವಿಗೆ ಬೇಕಾದಷ್ಟು ಸಮಯವಿತ್ತು. ಇಜಾಬೆಲ್ ಕೊನೆಯ ಮೂಲೆಯನ್ನು ಬೆರಳಲ್ಲಿ ಹಿಡಿದು ಸವರಿದಳು. ಆಮೇಲೆ ಸೂಜಿಯನ್ನು ಉಂಡೆಗೆ ಚುಚ್ಚಿ, ಉಂಡೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ದಾರ ತೀರಿತು ಅಕ್ಕಾ. ಒಂದು ಉಳೀತು. ಬರೂ ಐತವಾರ ಬಂದು ಹಚ್ಚತೇನಿ."

"ಒಂದು ಹೂವಿನ ಸಲುವಾಗಿ ಹಳಿಯಾಳದಿಂದ ಬರ್ತೀ?"

"ಮುಂಡಗೋಡತನ ಬಸ್ಸಿಗೆ ಬಂದು, ಮುಂದ ನಡಕೋತ ಬರ್ತೇನಿ."

ಮೆಹಬೂಬಿ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. "ಕೆಸರೈತಿ, ನೋಡಿ ಹೋಗು," ಎಂದಳು.

ಲಾರಿಯಲ್ಲಿ ಮಾರ್ಗರೀಟಾ ಟೀಚರ್, "ಯಾಕಷ್ಟು ತಡಾ ಮಾಡಿದಿ ಇಜಾಬೆಲ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಉಳಿದವರ ಜೊತೆ ಫಾದರಿಗೆ ಬರೆಯಬೇಕಾದ ಪತ್ರದ ಮಾತಿಗೆ ತಿರುಗಿದರು. ಇಜಾಬೆಲ್ ಹಿಂಬದಿಯ ಹಲಗೆಗೆ ಆನಿಕೊಂಡು ಐತವಾರದ ತಯಾರಿ ನಡೆಸಿದಳು. ಒಣಮೀನು ಒಯ್ಯಬೇಕು. ಅಕ್ಕನಿಗೆ ಹಲ್ಲಿಲ್ಲ, ಮೆತ್ತಗೆ ಬೇಯಿಸಿಯೇ ಒಯ್ಯಬೇಕು. ಇಗರ್ಜಿಯ ಪೂಜೆ ಒಂದು ವಾರ ತಪ್ಪಿದರೆ ದೇವರು ಏನೂ ಅಂದುಕೊಳ್ಳುವುದಿಲ್ಲ. ಮೂಲೆಗೆ ಹಳದಿ ಚೂರು ಹಾಕಿದರೆ ಕೆಂಪು ದಾರ ಎದ್ದು ಕಾಣುತ್ತದೆ.

ಹಳ್ಳ ದಾಟುವಲ್ಲಿ ಹಿಂದಿನ ಗಾಲಿ ಕೆಸರಲ್ಲಿ ಹೂತುಹೋಯಿತು. ಎಲ್ಲರೂ ಇಳಿದರು. ಶೇಖಪ್ಪ ಬೈಯುತ್ತ ಗಾಲಿಗೆ ಕಲ್ಲು ಕೊಡತೊಡಗಿದ. ದಾರಿ ಬಳಸಿ ಬಂದಿದ್ದರಿಂದ ಕೇರಿ ಎದುರಿಗೇ ಇತ್ತು. ಕೂಗಿದರೆ ಕೇಳುವಷ್ಟು ಹತ್ತಿರ.

ಮೆಹಬೂಬಿ ಚೌಕಟ್ಟಿನ ಮೇಲೆಯೇ ಕೂತಿದ್ದಳು. ಪಕ್ಕದ ಮನೆಯವಳು ಸೂಜಿ ದಾರ ತಂದು ಅವಳ ಕೈಗಿಟ್ಟು ಹೋದಳು. ಮೆಹಬೂಬಿ ತನ್ನ ಸೆರಗಿನ ತುದಿಯನ್ನು ಚರಕ್ಕನೆ ಹರಿದು, ಮಡಚಿ, ಒತ್ತಿ, ಕೌದಿಯ ಮೇಲೆ ಬಗ್ಗಿದಳು. ಅವಳ ಕೈ ಚುರುಕಾಗಿ ಏರಿ ಇಳಿಯಿತು. ಇಜಾಬೆಲ್ ದಾರದ ಉಂಡೆಯಿದ್ದ ಮುಷ್ಟಿಯನ್ನು ಇನ್ನೂ ಬಿಗಿ ಮಾಡಿದಳು. ಗಾಲಿ ಮೇಲೇಳುವಷ್ಟರಲ್ಲಿ ಮೆಹಬೂಬಿ ಹಲ್ಲಿಲ್ಲದ ವಸಡಿನಲ್ಲಿ ದಾರ ಕಚ್ಚಿ ಎಳೆದು, ಆಗದೆ ಕೈಯಿಂದಲೇ ಹರಿದು, ಕೌದಿ ಕೊಡವಿ ಮೈತುಂಬ ಹೊದ್ದುಕೊಂಡಳು.

"ಹತ್ತು ಇಜಾಬೆಲ್, ಹೊತ್ತಾತು," ಎಂದರು ಟೀಚರ್.

ಹಲಗೆ ಹಿಡಿದು ಹತ್ತಲು ಅವಳು ಮುಷ್ಟಿ ಬಿಚ್ಚಬೇಕಾಯಿತು. ಬೆವರಿಗೆ ದಾರದ ಬಣ್ಣ ಬಿಟ್ಟು ಅಂಗೈಯೆಲ್ಲ ಕೆಂಪಾಗಿತ್ತು.