ವಾಯರ್ ಇಲ್ಲದ ಮಷೀನು

ಹೆಣದ ಎದೆಯ ಮೇಲೆ ನೀರು ಹೊಯ್ಯುತ್ತಿದ್ದ ಸಂಗಣ್ಣನ ಕೈ ನಿಂತಿತು. ಅಣ್ಣ ಸಾಯಬಣ್ಣನ ಎದೆಯ ಬಲಗಡೆ ಅಂಗೈಯಗಲದ ಕಪ್ಪು ಜಡ್ಡು ಕಟ್ಟಿತ್ತು. ಗಿರಮಿಟ್ಟಿನ ಹಿಡಿಯನ್ನು ಎದೆಗೆ ಒತ್ತಿಕೊಂಡು, ಕೈಯಿಂದ ತಿರುಗಿಸುತ್ತ ಮೂವತ್ತು ವರ್ಷ ಕಟ್ಟಿಗೆಗೆ ತೂತು ಹಾಕಿದ ಬಡಿಗ ಅವನು. ನಿನ್ನೆ ಸಂಜೆ ಹಳ್ಳಿಯ ಕೆಲಸ ಮುಗಿಸಿ ನಾಲವಾರ ಸ್ಟೇಷನ್ನಿನಲ್ಲಿ ತಮ್ಮೂರು ವಾಡಿಯ ಗಾಡಿಗೆ ಕಾಯುತ್ತ ಕುಳಿತಿದ್ದವನು ಹಾಗೆಯೇ ಗೋಡೆಗೆ ಒರಗಿ ಪ್ರಾಣ ಬಿಟ್ಟಿದ್ದ.

"ಅಂಗಡ್ಯಾಗ ತೂತು ಹಾಕೋ ಕರೆಂಟಿನ ಮಷೀನ್ ಇದ್ದರೂ ಈ ಗಿರಮಿಟ್ಟ ಯಾಕ ಬಿಡಲಿಲ್ಲೋ ಏನೋ," ಎಂದರು ಪಕ್ಕದ ಮನೆಯ ಹಿರಿಯ ಅಮೃತಪ್ಪ.

ಸಂಗಣ್ಣ ತಂಬಿಗೆ ತುಂಬಿಕೊಂಡ.

ಬೆಳಗಿನ ಗಾಡಿಗೆ ನಾಲವಾರದ ಆಚೆಯ ಹಳ್ಳಿಗಳಿಂದ ನಲವತ್ತು ಐವತ್ತು ಜನ ಬಂದಿಳಿದಿದ್ದರು. ತಮ್ಮ ಮನೆಯ ಬಾಗಿಲು ಅವನದೇ ಕೈಯದು ಎಂದು ಒಬ್ಬ, ಮಗಳ ತೊಟ್ಟಿಲು ಅವನೇ ಮಾಡಿದ್ದು ಎಂದು ಇನ್ನೊಬ್ಬ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟು ಜನಕ್ಕೆ ಅಣ್ಣ ಬೇಕಾಗಿದ್ದ ಎಂಬುದು ಸಂಗಣ್ಣನಿಗೆ ಗೊತ್ತೇ ಇರಲಿಲ್ಲ. ಅವರ ಹಿಂದೆ ಬಿಳಿ ಅಂಗಿಯ ಬಂದೇನವಾಜ್ ಬರುವುದು ಕಂಡಾಗ ಮಾತ್ರ ಅವನು ಮುಖ ತಿರುಗಿಸಿ ಹಂಡೆಯ ಕಡೆ ಬಗ್ಗಿದ.

*

ಬಂದೇನವಾಜ್ ಸಂಗಣ್ಣನ ಜೊತೆ ಸಾಲಿ ಕಲಿತವನು, ಈಗ ರಜೆಗೆ ಊರಿಗೆ ಬಂದಿದ್ದ. ಸೌದಿಗೆ ದುಡಿಯಲು ಹೋದವನು ನಾಲ್ಕು ವರ್ಷದ ಹಿಂದೆ ಒಂದು ಕಾಗದ ಬರೆದಿದ್ದ. ರಜೆಗೆ ಬರುವಾಗ ನಿಮ್ಮ ಅಂಗಡಿಗೊಂದು ತೂತು ಹಾಕುವ ಮಷೀನ್ ತರುತ್ತೇನೆ, ಇಲ್ಲಿ ಎರಡು ನಮೂನೆ ಸಿಗುತ್ತವೆ, ವಾಯರಿನದು ಬೇಕೋ ಬ್ಯಾಟರಿಯದೋ ತಿಳಿಸು ಎಂದು.

ಸಾಯಬಣ್ಣನಿಗೆ ಓದು ಬರಹ ಇರಲಿಲ್ಲ. ಸಂಗಣ್ಣ ಓದಿ ಹೇಳಿದಾಗ ಅವನು ನಂಬದೆ ಮತ್ತೊಮ್ಮೆ ಓದಿಸಿದ. ವಾಯರ್ ಇಲ್ಲದೆ ತಿರುಗುವ ಮಷೀನೂ ಇದೆಯೆ ಎಂದು ಕೇಳಿದ. ನೋಯುವ ಭುಜವನ್ನು ಇನ್ನೊಂದು ಕೈಯಿಂದ ತಿಕ್ಕಿಕೊಳ್ಳುತ್ತ ನಕ್ಕ.

"ಬ್ಯಾಟರಿದು ಬರಿಯಪ್ಪ. ನಾ ಹೋಗೋ ಊರಾಗ ಕರೆಂಟ್ ಎಲ್ಲೈತಿ?"

ಸಂಗಣ್ಣನಿಗೆ ವಾಡಿಯ ಅಂಗಡಿಯದೇ ಚಿಂತೆ. ಫ್ಯಾಕ್ಟರಿಯ ಕ್ವಾರ್ಟರ್ಸಿನ ಕಿಟಕಿ ಬಾಗಿಲಿನ ಕೆಲಸ ಒಪ್ಪಿಕೊಂಡಿದ್ದ. ಅದಕ್ಕೆ ದಿನವಿಡೀ ತಿರುಗುವ, ಜೋರಿರುವ ಮಷೀನ್ ಬೇಕಿತ್ತು. ಬ್ಯಾಟರಿ ಎರಡು ವರ್ಷಕ್ಕೆ ಸತ್ತರೆ ಹೊಸದನ್ನು ಎಲ್ಲಿಂದ ತರುವುದು? ಇದನ್ನೆಲ್ಲ ಎದುರು ಕುಳಿತು ಹೇಳಿದ್ದರೆ ಅಣ್ಣ ಬಹುಶಃ ಒಪ್ಪುತ್ತಿದ್ದ. ಸಂಗಣ್ಣ ಹೇಳಲಿಲ್ಲ. ಅಣ್ಣನ ಎದುರಿಗೇ ಕುಳಿತು ಕಾಗದದಲ್ಲಿ ವಾಯರಿನದು ಎಂದು ಬರೆದ. ಮಷೀನ್ ಬಂದ ದಿನ, ಬ್ಯಾಟರಿಯದು ಸಿಗಲಿಲ್ಲವಂತೆ ಎಂದ.

ಸಾಯಬಣ್ಣ ಒಮ್ಮೆ ಮಾತ್ರ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹಳ್ಳಿಗೆ ಹೋಗಿದ್ದ. ಎಲ್ಲಿಯಾದರೂ ಕರೆಂಟು ಸಿಕ್ಕೀತೆಂದು ಪಂಚಾಯ್ತಿ ಕಟ್ಟೆಯವರೆಗೆ ಹೊತ್ತು ತಿರುಗಿ, ಸುತ್ತಿದ ಟವೆಲು ಬಿಚ್ಚದೆಯೇ ತಂದು ಅಂಗಡಿಯಲ್ಲಿಟ್ಟ. "ಇದು ನಿಂಗೇ ಇರಲಿ," ಎಂದ. ಮರುದಿನ ಗಿರಮಿಟ್ಟು ಹಿಡಿದು ಗಾಡಿ ಹತ್ತಿದ.

*

ಹೆಣವನ್ನು ಕಟ್ಟೆಗೆ ಒರಗಿಸಿ ಕೂಡಿಸಿದ ಮೇಲೆ ಬಂದೇನವಾಜ್ ಸಾಯಬಣ್ಣನ ಹೆಂಡತಿ ಶಿವಕಾಂತಮ್ಮನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತ. ಅವಳು ಅತ್ತು ಅತ್ತು ಸುಮ್ಮನಾಗಿದ್ದಳು.

"ನೀವು ತಂದುಕೊಟ್ಟ ಮಷೀನ್ ಅವರಿಗಿ ಉಪಯೋಗ ಆಗಲಿಲ್ರಿ," ಎಂದಳು. "ಬ್ಯಾಟರಿದು ಸಿಕ್ಕಿದ್ರ ಭುಜದ ಬ್ಯಾನಿ ತಪ್ಪತಿತ್ತು. ಸಿಗಲಿಲ್ಲ ಅಂದ್ರ ನೀವರೆ ಏನ್ ಮಾಡ್ತೀರಿ."

ಬಂದೇನವಾಜ್ ಏನೋ ಹೇಳಹೋಗಿ ತಡೆದ. ತಲೆಯೆತ್ತಿ ಸಂಗಣ್ಣನನ್ನು ನೋಡಿದ. ಸಂಗಣ್ಣ ನೆಲ ನೋಡಿದ.

"ಹೌದು ಭಾಬಿ," ಎಂದ ಬಂದೇನವಾಜ್. "ಸಿಗಲಿಲ್ಲ."

ಮಣ್ಣಿಗೆ ಹೋಗುವ ದಾರಿಯಲ್ಲಿ ಅವನು ಸಂಗಣ್ಣನ ಪಕ್ಕದಲ್ಲೇ ನಡೆದ. ಬಹಳ ದೂರ ಸಾಗಿದ ಮೇಲೆ ಮೆಲ್ಲಗೆ ಹೇಳಿದ: "ದುಕಾನದಾಗ ಎರಡೂ ಕೈಯಾಗ ಹಿಡ್ಕೊಂಡು ನಿಂತಿದ್ದೆ. ನಿನ್ನ ಕಾಗದ ನೋಡಿ ಬ್ಯಾಟರಿದು ಕೆಳಗ ಇಟ್ಟೆ." ಬೈಗುಳ ಬರುತ್ತದೆಂದು ಸಂಗಣ್ಣ ಕಾದ. ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತೇನೋ.

ಕುಣಿಗೆ ಎಲ್ಲರೂ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಸಂಗಣ್ಣ ಸಲಿಕೆ ಮುಟ್ಟದೆ, ಯಾರು ಬೇಡವೆಂದರೂ ಕೇಳದೆ, ಎರಡೂ ಕೈಯಿಂದ ಮಣ್ಣು ಬಳಿದು ಹಾಕುತ್ತಲೇ ಇದ್ದ.

ತಿರುಗಿ ಬಂದಾಗ ಶಿವಕಾಂತಮ್ಮ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಉಳಿದವರೆಲ್ಲ ಕೈಕಾಲು ತೊಳೆದು ಒಳಗೆ ಹೋದರು. ಕಡೆಗೆ ಸಂಗಣ್ಣ ಬಂದು ಕೈಯೊಡ್ಡಿದ. ಅವಳು ತಂಬಿಗೆ ಬಾಗಿಸಿದಳು.

"ವೈನಿ," ಎಂದ ಅವನು, "ಬ್ಯಾಟರಿ ಮಷೀನ್ ಸಿಗತಿತ್ತು. ಅಣ್ಣ ಅದನ್ನೇ ಬರಿ ಅಂದಿದ್ದ. ನಾನೇ ವಾಯರಿಂದು ಅಂತ ಬರದೆ."

ನೀರು ನಿಂತಿತು. ಶಿವಕಾಂತಮ್ಮ ಅವನ ಮುಖ ನೋಡಲಿಲ್ಲ, ಚಾಚಿದ ಕೈಗಳನ್ನೇ ನೋಡಿದಳು. ಆಮೇಲೆ ತಂಬಿಗೆಯನ್ನು ಹೊಸ್ತಿಲ ಹೊರಗೆ ಸದ್ದಾಗದಂತೆ ಇಟ್ಟು ಒಳಗೆ ಹೋದಳು.

ತಂಬಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು. ಸಂಗಣ್ಣ ಬಗ್ಗಿ ಅದನ್ನು ಎತ್ತಿಕೊಳ್ಳಲಿಲ್ಲ. ಅಂಗಳದ ಬಿಸಿಲಿನಲ್ಲಿ ಕೈಯೊಡ್ಡಿಕೊಂಡೇ ನಿಂತಿದ್ದ. ಅಂಗೈಯ ಹಸಿ ಮಣ್ಣು ಒಣಗುತ್ತ, ಗೆರೆಗೆರೆಯಾಗಿ ಬಿರಿಯತೊಡಗಿತ್ತು.