ಯೆರಿಕೋದ ಹೆಬ್ಬೆಟ್ಟು

ಮೇಲವಂಕಿಯ ಹಾಳುದಿಬ್ಬದ ಮಣ್ಣು ಬಿದ್ದ ಹೊಲದಲ್ಲಿ ಜೋಳ ಆಳೆತ್ತರ ಬರುತ್ತಿತ್ತು. ಹೀಗಾಗಿ ಬೇಸಿಗೆ ಬಂತೆಂದರೆ ಊರಿನ ಬಂಡಿಗಳೆಲ್ಲ ದಿಬ್ಬಕ್ಕೇ ಮುತ್ತುತ್ತಿದ್ದವು. ಸಾವಿರದ ಒಂಬೈನೂರ ಐವತ್ತೆಂಟರ ಹೊತ್ತಿಗೆ ಅರ್ಧ ದಿಬ್ಬ ಗೊಬ್ಬರವಾಗಿ ಹೋಗಿತ್ತು. ಉಳಿದರ್ಧ ಸಾತಪ್ಪನ ಜಾಗದಲ್ಲಿತ್ತು, ಅಂದು ಬೆಳಿಗ್ಗೆ ಅವನೂ ಬಂಡಿ ಹೂಡಿದ್ದ.

ಹುಕ್ಕೇರಿಯಿಂದ ವರ್ಗವಾಗಿ ಬಂದಿದ್ದ ಶಾಲೆಯ ಅಕ್ಕೋರು ಶಿವಗಂಗವ್ವ ಅದನ್ನು ಕಂಡವಳೇ ಓಡಿ ಬಂದಳು. ಮಾಸಿಕವೊಂದರಲ್ಲಿ ಯೆರಿಕೋ ಎಂಬ ಪುರಾತನ ಊರಿನ ಉತ್ಖನನದ ಬಗ್ಗೆ ಓದಿದಂದಿನಿಂದ ಆಕೆಗೆ ಮಣ್ಣಿನ ಹುಚ್ಚು. ಅಲ್ಲಿಯವರು ದಿಬ್ಬವನ್ನು ಕುಂಚದಿಂದ ಗುಡಿಸಿ ಪದರು ಪದರಾಗಿ ಬಿಡಿಸಿದ್ದರು. ನಮ್ಮವರೋ, ಸಲಿಕೆಯಿಂದ ಬಾಚಿ ಬಂಡಿಗೆ ಒಗೆಯುತ್ತಿದ್ದರು! ತಿಳಿದವರು ಯಾರಾದರೂ ಬಂದು ನೋಡುವ ತನಕವಾದರೂ ಇಷ್ಟು ಉಳಿಯಲೆಂದು ಆಕೆ ಸೆರಗು ಬಿಗಿದು ಎತ್ತುಗಳಿಗೆ ಅಡ್ಡ ನಿಂತಳು.

“ಸಾತಪ್ಪ ಕಾಕಾ, ಇದು ಬರೀ ಮಣ್ಣಲ್ರಿ. ಊರ ಮ್ಯಾಲ ಊರು ಬಿದ್ದಾವು.”

“ಅಲ್ಲಿ ಇದ್ದವರ ಒಂದು ಹೆಸರರೆ ಹೇಳ್ರಿ, ಅಕ್ಕೋರ. ಹೆಸರಿಲ್ಲದ್ದು ಗೊಬ್ಬರಕ್ಕಲ್ದ ಮತ್ಯಾಕ?”

ಆಕೆಯ ಸಿಟ್ಟು ನೆತ್ತಿಗೇರಿತು. ನುಂಗಿಕೊಂಡು ಯೆರಿಕೋದ ಮಾತು ತೆಗೆದಳು.

“ಕಹಳಿ ಊದಿದ್ದಕ್ಕ ಆ ಊರ ಗ್ವಾಡಿ ಬಿತ್ತಂತ ಬೈಬಲ್ಲಿನಾಗ ಐತ್ರಿ. ಆ ಗ್ವಾಡಿ ಹುಡುಕಿದವರಿಗೆ ಅದು ಸಿಗಲಿಲ್ಲಂತ. ಅದಕ್ಕಿಂತ ಸಾವಿರಾರು ವರ್ಷ ಹಳೇ ಹಸಿ ಇಟ್ಟಂಗಿ ಸಿಕ್ಕಾವು. ಅದರ ಮ್ಯಾಲ ಸಾಲಾಗಿ ಹೆಬ್ಬೆಟ್ಟು ಒತ್ತ್ಯಾರ.”

ಸಾತಪ್ಪ ಬಾರುಕೋಲು ಕೆಳಗಿಟ್ಟ.

“ಹೆಬ್ಬೆಟ್ಟ? ಅವರಿಗೂ ಸಹಿ ಬರ್ತಿರಲಿಲ್ಲೇನ್ರಿ?”

ಶಿವಗಂಗವ್ವನಿಗೆ ನಗು ಬಂದೇಬಿಟ್ಟಿತ್ತು. ಅವನ ಮುಖ ನೋಡಿದ್ದೇ ನಗು ಇಳಿಯಿತು. ಕಚೇರಿಗೆ ಹೋದಲ್ಲೆಲ್ಲ “ಏ ಹೆಬ್ಬೆಟ್ಟು, ಈ ಕಡೆ ಬಾ” ಎನ್ನಿಸಿಕೊಂಡ ಮನುಷ್ಯ ಅವನು. ಹೌದೆಂದರೆ ದಿಬ್ಬ ಉಳಿದೀತು. ಆದರೆ ಸುಳ್ಳು ಹೇಳಲು ಆಕೆಗೆ ನಾಲಿಗೆ ಏಳಲಿಲ್ಲ.

“ಸಹಿ ಅಲ್ರಿ, ಕಾಕಾ. ಇಟ್ಟಂಗಿ ನಡುವಿನ ರಾಡಿ ಗಟ್ಟಿ ಹಿಡೀಲಿ ಅಂತ ಒತ್ತ್ಯಾರ.”

“ಯಾಕರೆ ಒತ್ತಲಿ. ಬಟ್ಟು ಅವರದ ಹೌದಲ್ಲ? ಹೆಸರು ಹೋದ್ರೂ ಬಟ್ಟು ಉಳೀತಲ್ರಿ.”



ಸಾತಪ್ಪ ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಆಗಲೇ ತುಂಬಿದ್ದ ಮಣ್ಣನ್ನು ಸಲಿಕೆ ಮುಟ್ಟದೆ, ಬೊಗಸೆ ಬೊಗಸೆಯಾಗಿ ಇಳಿಸತೊಡಗಿದ. ಆಕೆಯೂ ಕೈ ಹಾಕಿದಾಗ ಗದರಿದ:

“ಸಾವಕಾಶ, ಅಕ್ಕೋರ. ಒಳಗ ಯಾರದರೆ ಕೈ ಇರತೈತಿ.”